ಹಸಿವು ನಿಂತ ಎರಡು ದಿನ

ಅಕ್ಕಾ,

ನಾನು ರಂಗ. ನಿನ್ನ ತಮ್ಮ, ನಿನ್ನ ಅಳಿಯ, ನೀನು ಕಣ್ಣು ಮುಚ್ಚುವ ತನಕ ನಿನ್ನಿಂದ 'ಲೋ' ಅನ್ನಿಸಿಕೊಂಡವನು. ನಿನಗೆ ಒಂದಕ್ಷರವೂ ಓದಲು ಬಾರದು ಎಂಬ ಧೈರ್ಯದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಓದು ಬರುತ್ತಿದ್ದರೆ ಬರೆಯುವ ಎದೆ ನನಗೆಲ್ಲಿತ್ತು? ಬದುಕಿದ್ದಾಗ ನನ್ನ ಒಂದು ಮಾತನ್ನೂ ಕೊನೆಯ ತನಕ ಕೇಳಿದವಳಲ್ಲ ನೀನು. ನಡುವೆ ಬಾಯಿ ಹಾಕಿ "ನಂಗೊತ್ತು ಬುಡ್ಲಾ" ಅನ್ನುತ್ತಿದ್ದೆ. ಇವತ್ತು ಕೇಳಬೇಕು. ಬಟ್ಟೆ ಮಿಲ್ಲಿಗೆ ರಜ ಹಾಕಿ ಜಗಲಿಯ ಮೇಲೆ ಕೂತಿದ್ದೇನೆ. ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಈ ಬೆಳಿಗ್ಗೆಯಿಂದ ಯಾರೂ ಇಲ್ಲ. ಯಾಕೆ ಎಂದು ಹೇಳುತ್ತೇನೆ, ಆದರೆ ಮೊದಲಿನಿಂದ ಹೇಳುತ್ತೇನೆ.

ನೀನು ಗೌರಿಯನ್ನು ನನಗೆ ಕಟ್ಟಲು ತೀರ್ಮಾನ ಮಾಡಿದ ಬೆಳಿಗ್ಗೆ ನೆನಪಿದೆಯಾ? ಅವಳು ನಿನ್ನ ಒಬ್ಬಳೇ ಮಗಳು. ಅವಳ ತೊಟ್ಟಿಲು ತೂಗಿದವನು ನಾನು, ಮಾಗಡಿ ರಸ್ತೆಯುದ್ದಕ್ಕೂ ಹೆಗಲ ಮೇಲೆ ಹೊತ್ತು ಸಂತೆ ತೋರಿಸಿದವನು ನಾನು. ಭಾವ ತೀರಿಕೊಂಡು ವರ್ಷವಾಗಿತ್ತು, ಅವಳಿಗೆ ಹದಿನೇಳು, ನನಗೆ ಇಪ್ಪತ್ತೇಳು. ನೀನು ಮುದ್ದೆ ಕಟ್ಟುತ್ತಾ, ತಲೆ ಕೂಡ ಎತ್ತದೆ ಹೇಳಿದೆ: "ಹೊರಗ್ ಕೊಟ್ರೆ ಮಗ್ಳೂ ಹೋಯ್ತಾಳೆ, ಹೊಲಾನೂ ಹೋಯ್ತದೆ. ಸೋದರಮಾವ ಮನೇಲೇ ಇರ್ಬೇಕಾದ್ರೆ ಗಂಡು ಹುಡುಕ್ಕೊಂಡು ಊರೂರು ಯಾಕ್ಲಾ ತಿರುಗ್ಲಿ?" ನಾನು ಹೂಂ ಅಂದೆ. ಅವಳನ್ನು ಯಾರೂ ಕೇಳಲಿಲ್ಲ. ನಮ್ಮೂರು ಸುಂಕದಕಟ್ಟೆಯೆಲ್ಲ ಹಾಲಿಗೆ ಸಕ್ಕರೆ ಬಿದ್ದ ಹಾಗಾಯಿತು ಎಂದು ಮಾತಾಡಿಕೊಂಡಿತು. ಗೌರಿ ಮದುವೆಯ ಮುಂಚೆ ನನ್ನನ್ನು 'ಮಾವ' ಅನ್ನುತ್ತಿದ್ದಳು, ಮದುವೆಯಾದ ಮೇಲೂ ಹಾಗೇ ಅನ್ನುತ್ತಾಳೆ.

ನಮ್ಮ ಮಗಳು ಪುಟ್ಟತಾಯಿ ಹುಟ್ಟಿದಾಗ ಎಲ್ಲ ಮಕ್ಕಳ ಹಾಗೇ ಇದ್ದಳು, ಅಲ್ಲವಾ? ಸೂಲಗಿತ್ತಿ ಎರಡು ಅಂಗೈಯಲ್ಲಿ ಹಿಡಿದು ತೋರಿಸಿದಳು, ಕೆಂಪಗೆ, ಸಣ್ಣಗೆ. ಮೂರನೆಯ ತಿಂಗಳಿಗೆ ತೊಡೆಯಲ್ಲಿ ಮಡಿಕೆ ಬಿತ್ತು. ಐದಕ್ಕೆ ಮಣಿಕಟ್ಟು ಕಾಣದಾಯಿತು, ನೀನು ಕಟ್ಟಿದ್ದ ಕರಿಮಣಿಯ ದಾರ ಮಾಂಸದಲ್ಲಿ ಹೂತುಹೋಗಿ ಕತ್ತರಿ ಹಾಕಿ ತೆಗೆಯಬೇಕಾಯಿತು. ಗೌರಿಯ ಎದೆ ಬತ್ತಿದರೂ ಬಿಡುತ್ತಿರಲಿಲ್ಲ. ಬಿಡಿಸಿದರೆ ಸೂರು ಹಾರುವ ಹಾಗೆ ಕಿರುಚುತ್ತಿದ್ದಳು. ಆಗ ನಮಗೆ ಹೆದರಿಕೆಯಾಗಬೇಕಿತ್ತು. ನಿನಗೆ ಜಂಬ ಬಂತು. ನೀರಿಗೆ ಹೋಗುವ ಹೆಂಗಸರನ್ನೆಲ್ಲ ನಿಲ್ಲಿಸಿ ಮೊಮ್ಮಗಳ ತೊಡೆ ತೋರಿಸುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಮ್ಮ ಮನೆಯಲ್ಲಿ ಹೆತ್ತವಳನ್ನು ಹೆತ್ತವಳಿಗೆ ಇನ್ನೂ ಮುದ್ದು.

ಹೆಸರಿಟ್ಟವಳೂ ನೀನೇ, ನಮ್ಮವ್ವನ ಹೆಸರು. ಪ್ಲೇಗು ಬಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಇದ್ದ ಹಿಟ್ಟನ್ನೆಲ್ಲ ನಮಗೆ ಗಂಜಿ ಮಾಡಿಕೊಟ್ಟು ಅವ್ವ ಬರೀ ನೀರು ಕುಡಿದು ಮಲಗಿದಳಂತೆ, ಪ್ಲೇಗು ಅವಳನ್ನು ಮುಟ್ಟಲಿಲ್ಲ, ಹಸಿವು ಮುಟ್ಟಿತು. ನನಗೆ ಆಗ ಮೂರು ವರ್ಷ, ನನಗೇನೂ ನೆನಪಿಲ್ಲ, ನೀನು ಹೇಳಿದ್ದನ್ನೇ ನೆನಪು ಅಂದುಕೊಂಡಿದ್ದೇನೆ. ಈ ಮಗು ಎಷ್ಟು ಕೊಟ್ಟರೂ ಬಾಯಿ ತೆರೆಯುವುದನ್ನು ಕಂಡ ದಿನ ನೀನು ನೆಲದ ಮೇಲೆ ಕುಸಿದು ಕೂತು ಅತ್ತೆ. "ನಮ್ಮವ್ವ ಬಂದವ್ಳೆ ಕಣ್ಲಾ. ಹಸ್ಕೊಂಡೇ ಸತ್ಲು, ಹಸ್ಕೊಂಡೇ ಬಂದವ್ಳೆ. ಉಣ್ಲಿ ಬುಡು." ಯಾರಾದರೂ ಎದುರು ಮಾತಾಡುವ ಮಾತಾ ಅದು? ನಾನೂ ನಂಬಿದೆ. ಹಾಲು, ರಾಗಿ ಸರಿ, ಬೆಲ್ಲ, ಬೆಣ್ಣೆ, ಅವಳು ಕೈ ಚಾಚಿದಷ್ಟೂ ಇಟ್ಟೆವು. ಒಂದು ಕಾಯಿಲೆಯನ್ನು ನಾವು ಎರಡು ವರ್ಷ ಕಾಲು ಮುಟ್ಟಿ ನಮಸ್ಕಾರ ಮಾಡಿ ಸಾಕಿದೆವು ಅಕ್ಕಾ.

ಮೂರು ತುಂಬಿದಾಗ ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಹಸುವಿನ ಬಾನಿಯ ಪಕ್ಕ ಕೂತು ಎರಡೂ ಕೈಯಲ್ಲಿ ಹಿಂಡಿಯನ್ನು ಬಾಚಿ ತಿನ್ನುತ್ತಿದ್ದಾಳೆ. ಹಸು ಬೆಪ್ಪಾಗಿ ನಿಂತು ನೋಡುತ್ತಿದೆ. ನೀನು ಬಂದು ನೋಡಿದೆ, ಮುಖ ಸುಟ್ಟವಳ ಹಾಗೆ ತಿರುಗಿದೆ. ಸತ್ತ ಅವ್ವ ತುಪ್ಪ ಕೇಳಿದರೆ ಸರಿ, ದನದ ಹಿಂಡಿ ಕೇಳಬಾರದು. ಅವತ್ತಿನಿಂದ ಅವಳು ನಿನಗೆ ಅವ್ವ ಅಲ್ಲ. ಅಡಿಗೆಮನೆಗೆ ಬೀಗ ಬಂತು, ಬೀಗದ ಕೈ ನಿನ್ನ ಸೊಂಟಕ್ಕೆ ಬಂತು. ನಾವು ಉಣ್ಣುವಾಗ ಅವಳನ್ನು ಹೊರಗೆ ಹಾಕಿ ಅಗುಳಿ ಜಡಿಯುತ್ತಿದ್ದೆವು. ಬಾಗಿಲ ಸಂದಿಗೆ ಮೂಗು ಒತ್ತಿ ವಾಸನೆ ನೋಡುತ್ತಿದ್ದಳು, ಉಸಿರು ಕೇಳಿಸುತ್ತಿತ್ತು. ನೀನು ಇನ್ನೊಂದು ತುತ್ತು ನುಂಗಿ "ದರಿದ್ರ" ಅನ್ನುತ್ತಿದ್ದೆ. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಯಾವ ದಿನವಾದರೂ ತಟ್ಟೆ ಬಿಟ್ಟು ಎದ್ದೆನಾ ಎಂದು ನೆನಪು ಮಾಡಿಕೊಂಡೆ. ಇಲ್ಲ.

ಬುದ್ಧಿಯಲ್ಲಿ ಏನೂ ಕಮ್ಮಿ ಇರಲಿಲ್ಲ, ಅದು ನಿನಗೂ ಗೊತ್ತು. ಮಿಲ್ಲಿನ ಸೈರನ್ ಯಾವ ಪಾಳಿಯದು ಎಂದು ನನಗಿಂತ ಮೊದಲು ಹೇಳುತ್ತಿದ್ದಳು. ಒಂದು ಸಂಜೆ ಸೈಕಲ್ಲು ಒರೆಸುತ್ತಿದ್ದಾಗ ಪಕ್ಕದಲ್ಲಿ ಏದುಸಿರು ಬಿಡುತ್ತಾ ಕೂತು ಕೇಳಿದಳು: "ಅಪ್ಪಾ, ನಿಂಗೆ ಹೊಟ್ಟೆ ತುಂಬಿದ್ದು ಹೆಂಗ್ ಗೊತ್ತಾಯ್ತದೆ? ಎಲ್ಲಿ ಗೊತ್ತಾಯ್ತದೆ?" ನಾನೇನು ಹೇಳಿದೆ ಗೊತ್ತಾ? "ಮನುಷ್ಯರಿಗೆ ಗೊತ್ತಾಯ್ತದೆ, ನಿಂಗಲ್ಲ" ಅಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಆ ಮಾತು ನಿಜವಿರಬಹುದು ಎನ್ನುವ ಹಾಗೆ ಯೋಚನೆ ಮಾಡುತ್ತಾ ಕೂತಳು. ನಾಲ್ಕೂವರೆ ವರ್ಷದ ಮಗು.

ಕೆಂಗೇರಿ ಕಡೆಯಿಂದ ಕಣಿ ಹೇಳುವವಳು ಬಂದದ್ದು ಅದಾದ ಮುಂದಿನ ಸುಗ್ಗಿಯಲ್ಲಿ. ಮಗುವನ್ನು ಮೇಲೆ ಕೆಳಗೆ ನೋಡಿ, ನೀನು ಕೊಟ್ಟ ರಾಗಿ ಮೊರದಿಂದ ಸುರಿದುಕೊಂಡು, ಆಮೇಲೆ ಬಾಯಿ ಬಿಟ್ಟಳು: "ಇವ್ಳು ನಿಮ್ಮವ್ವ ಅಲ್ಲ. ನಿಮ್ಮವ್ವನ ಹೆಸರು ಹೇಳ್ಕೊಂಡು ಬ್ಯಾರೆ ಯಾವ್ದೋ ಒಳಗೆ ಕೂತು ಉಣ್ತಾ ಐತೆ. ಹೊಟ್ಟೆಗೆ ಬರೆ ಹಾಕ್ಸಿ, ಬುಟ್ಟೋಯ್ತದೆ." ನಿನಗೆ ಬೇಕಾಗಿದ್ದ ಮಾತು ಅದೇ. ಎರಡು ವರ್ಷ ಬೆಣ್ಣೆ ತಿನ್ನಿಸಿದ್ದು ಅವ್ವನಿಗಲ್ಲ, ಮೋಸಕ್ಕೆ ಎಂದಾದರೆ ನಿನ್ನ ತಪ್ಪು ಏನೂ ಉಳಿಯುವುದಿಲ್ಲವಲ್ಲ.

ಕುಡುಗೋಲಿನ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿದವಳು ನೀನು. ತಲೆ ಹಿಡಿದವಳು ಗೌರಿ, ಕಣ್ಣು ಮುಚ್ಚಿಕೊಂಡು. ಕಾಲು ಹಿಡಿದವನು ನಾನು, ಕಣ್ಣು ಬಿಟ್ಟುಕೊಂಡು. ಹೊಕ್ಕುಳ ಸುತ್ತ ನಾಲ್ಕು ಕಡೆ. ಅವಳ ಕಾಲನ್ನು ಒಂದು ಕೈಯಲ್ಲಿ ಹಿಡಿಯಲು ಆಗದೆ ಮೊಣಕಾಲು ಊರಿ ಕೂತಿದ್ದೆ. ಕೊಬ್ಬು ಸುಡುವ ವಾಸನೆ ಎಂಥದು ಎಂದು ಯಾರಿಗೂ ಹೇಳಬಾರದು, ಆದರೆ ನಿನಗೆ ಹೇಳಬಹುದು, ಅದು ಬಾಡು ಬೇಯುವ ವಾಸನೆ. ಮೂರನೆಯ ಬರೆಗೆ ಅವಳು ಕಿರುಚುವುದನ್ನು ನಿಲ್ಲಿಸಿದಳು. ನಾಲ್ಕನೆಯದು ಮುಗಿದು ನಾವು ಕೈ ಬಿಟ್ಟ ಮೇಲೆ ಎದ್ದು ಕೂತು, ಬಿಕ್ಕುತ್ತಾ ನಿನ್ನನ್ನು ಕೇಳಿದಳು: "ಅಜ್ಜೀ, ಈಗ ಮುದ್ದೆ ಕೊಡ್ತೀಯಾ?" ನೀನು ಕುಡುಗೋಲು ಎಸೆದು ಹಿತ್ತಲಿಗೆ ಹೋದೆ. ಅಳುತ್ತಿದ್ದೆಯಾ? ನಾನು ಹಿಂದೆ ಬರಲಿಲ್ಲ, ನೋಡಲಿಲ್ಲ.

ಒಂದು ವಿಷಯ ಒಪ್ಪುತ್ತೇನೆ. ಬರೆ ಹಾಕಿದ ಮೇಲೆ ನೀನು ರಾತ್ರಿಯೂಟ ಬಿಟ್ಟೆ. ಪಿತ್ತ, ಅಜೀರ್ಣ ಎಂದೆಲ್ಲ ಹೇಳಿದೆ. ನಿನ್ನ ಪಾಲಿನ ಅರ್ಧ ಮುದ್ದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಅವಳ ಬಾಯಿಗೆ ಇಡುತ್ತಿದ್ದೆ ಎಂದು ಅವಳೇ ನನಗೆ ಹೇಳಿದ್ದು, ನೀನು ಸತ್ತ ಮೇಲೆ. "ಅಜ್ಜಿ ಯಾರ್ಗೂ ಹೇಳ್ಬ್ಯಾಡ ಅಂದಿತ್ತು, ಈಗ ಹೇಳ್ಬೌದಾ?" ಎಂದು ಕೇಳಿಯೇ ಹೇಳಿದಳು. ಹಗಲು ಬೈಗುಳ, ರಾತ್ರಿ ಮುದ್ದೆ. ನಿನ್ನ ಪ್ರೀತಿ ಯಾವ ಕಾಲಕ್ಕೂ ಹಾಗೇ, ಕದ್ದು ಮುಚ್ಚಿ. ಅದರಿಂದ ನಿನ್ನ ಮೇಲಿನ ಕೋಪ ಇಳಿಯಬೇಕಿತ್ತು. ಇಳಿಯಲಿಲ್ಲ.

ನಿನ್ನ ಎದೆನೋವು ಒಂದೇ ವಾರದಲ್ಲಿ ನಿನ್ನನ್ನು ಮುಗಿಸಿತು. ಹನ್ನೊಂದನೆಯ ದಿನ ನಿನ್ನನ್ನು ಹೂತ ಗುಡ್ಡೆಯ ಹತ್ತಿರ ಬಾಳೆಯೆಲೆಯಲ್ಲಿ ಎಡೆ ಇಟ್ಟೆವು. ಮುದ್ದೆ, ಕೋಳಿಸಾರು, ಒಬ್ಬಟ್ಟು, ನೀನು ಜಗಿಯುತ್ತಿದ್ದ ಎಲೆಅಡಿಕೆ ಕೂಡ. ಕಾಗೆ ಮುಟ್ಟಲಿ ಎಂದು ಎಲ್ಲರೂ ದೂರ ಸರಿದು ಬೆನ್ನು ತಿರುಗಿಸಿ ನಿಂತೆವು. ಕಾಗೆ ಬರಲಿಲ್ಲ. ಹೊಂಗೆಮರದ ಮೇಲೆ ನಾಲ್ಕು ಕೂತಿದ್ದವು, ಇಳಿಯಲಿಲ್ಲ. ಏನೋ ಆಸೆ ಉಳಿಸಿಕೊಂಡು ಹೋಗಿದ್ದಾಳೆ ಎಂದು ಹಿರಿಯರು ಗೊಣಗಿದರು. ತಿರುಗಿ ನೋಡಿದರೆ ಪುಟ್ಟತಾಯಿ ಎಲೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಉಣ್ಣುತ್ತಿದ್ದಾಳೆ. ಒಬ್ಬಟ್ಟು ಆಗಲೇ ಮುಗಿದಿತ್ತು. ಕಾಗೆಗಳು ಇಳಿಯದಿದ್ದದ್ದು ಅದಕ್ಕೇ.

ಗೌರಿ ಅವಳ ಜುಟ್ಟು ಹಿಡಿದು ಎಳೆದು ಹೊಂಗೆ ಬರಲಿನಲ್ಲಿ ಬಾರಿಸಿದಳು. ಒಬ್ಬರೂ ಬಿಡಿಸಲಿಲ್ಲ. ಸತ್ತವಳ ಅನ್ನ ಕಿತ್ತುಕೊಂಡ ಮಗು ಉದ್ಧಾರ ಆಗುತ್ತಾ ಎಂದು ಭಾವನ ಕಡೆಯ ಹೆಂಗಸೊಬ್ಬಳು ನೆಲಕ್ಕೆ ಉಗಿದಳು. ನೀನಿದ್ದಿದ್ದರೆ ಏನು ಮಾಡುತ್ತಿದ್ದೆ? ನೀನು ಅಲ್ಲೇ ಇದ್ದೆಯಲ್ಲ, ಎಡೆಗೆ ಕಾದು. ನಿನ್ನ ಮೊಮ್ಮಗಳು ನಿನ್ನ ಎಲೆಯಲ್ಲಿ ಉಣ್ಣುವುದನ್ನು ನೋಡಿ ನಿನಗೆ ಹೊಟ್ಟೆ ಉರಿಯಿತಾ, ತುಂಬಿತಾ? ಏಟು ತಿನ್ನುತ್ತಾ ಅವಳು ಹೇಳಿದ್ದು ಒಂದೇ: "ಅಜ್ಜಿ ಬಯ್ಯಲ್ಲ, ಅಜ್ಜಿ ಬಯ್ಯಲ್ಲ." ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು. ನೀನು ಹೋದ ಮೂರು ತಿಂಗಳಿಗೆ, ಅವಳ ಕೆಮ್ಮಿಗೆ ಔಷಧಿ ಕೇಳಲು ಮಿಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವಳನ್ನು ನೋಡಿ ಕೆಮ್ಮು ಬಿಟ್ಟು ಬೇರೆಲ್ಲ ಕೇಳಿದರು, ಪೇಟೆಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಒಬ್ಬ ಡಾಕ್ಟರು, ಕನ್ನಡಕ ಹಾಕಿಕೊಂಡವರು, ಅರ್ಧ ಗಂಟೆ ಅವಳ ಜೊತೆ ಆಟ ಆಡಿದರು. ಹೊಟ್ಟೆಯ ಮೇಲಿನ ಬರೆ ನೋಡಿ ನನ್ನ ಮುಖ ನೋಡಿದರು, ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಕೇಳಿದರು: "ನೀವೂ ನಿಮ್ಮ ಮನೆಯೋರೂ ಸಂಬಂಧದಲ್ಲೇ ಆಗಿರೋದಾ?" "ಸ್ವಂತ ಅಕ್ಕನ ಮಗಳೇ ಸಾರ್" ಎಂದು ಹೆಮ್ಮೆಯಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತಲೆಯೊಳಗೆ, ಮಿದುಳಿನ ಬುಡದಲ್ಲಿ, ಹುಣಸೆಬೀಜದಷ್ಟು ಒಂದು ಜಾಗ ಇದೆಯಂತೆ. ಹಸಿವು ಹುಟ್ಟುವುದೂ ಅಲ್ಲೇ, ಸಾಕು ಅನ್ನಿಸುವುದೂ ಅಲ್ಲೇ. ಮೈಯಲ್ಲಿ ಕೊಬ್ಬು ಬೇಕಾದಷ್ಟು ಸೇರಿದೆ ಎಂಬ ಸುದ್ದಿ ರಕ್ತದ ಮೂಲಕ ಅಲ್ಲಿಗೆ ಹೋಗಬೇಕು, ಯಾವುದೋ ಒಂದು ರಸ ಅದನ್ನು ಒಯ್ಯುತ್ತಿರಬೇಕು, ಆ ರಸ ಯಾವುದೆಂದು ಇನ್ನೂ ಯಾರಿಗೂ ಸಿಕ್ಕಿಲ್ಲ ಅಂದರು. ಇವಳಿಗೆ ಆ ಸುದ್ದಿ ಮುಟ್ಟುತ್ತಲೇ ಇಲ್ಲ. ಎಷ್ಟು ತಿಂದರೂ ಇವಳ ಮಿದುಳಿಗೆ ಇವಳು ಉಪವಾಸ ಸಾಯುತ್ತಿರುವ ಮಗು. ಮಗ್ಗದಲ್ಲಿ ಎಳೆ ಹರಿದರೆ ಮಗ್ಗ ತಾನೇ ನಿಲ್ಲುವ ಹಾಗೆ ಒಂದು ತಗಡು ಇರುತ್ತದೆ ಸಾರ್, ಅದು ಬಿದ್ದುಹೋದ ಮಗ್ಗ ನಿಲ್ಲುವುದಿಲ್ಲ, ಹಾಗಾ ಎಂದು ಕೇಳಿದೆ. "ಹಾಗೇ" ಅಂದರು. ಅಂದರೆ ಅವಳು ಕಳ್ಳಿಯಲ್ಲ ಅಕ್ಕಾ, ಹೊಟ್ಟೆಬಾಕಿಯಲ್ಲ, ಒಳಗೆ ಯಾರೂ ಕೂತಿರಲಿಲ್ಲ. ಹಸಿದಿದ್ದಳು. ಐದು ವರ್ಷ ಒಂದು ಗಳಿಗೆ ಬಿಡದೆ ಹಸಿದಿದ್ದಳು, ನಾವು ಹೊಡೆಯುತ್ತಿದ್ದೆವು.

ಯಾಕೆ ಹೀಗಾಯಿತು ಎಂದೆ. ಪರದೇಶದಲ್ಲಿ ಇಲಿಗಳಲ್ಲಿ ಇಂಥದೇ ಕಂಡಿದ್ದಾರಂತೆ, ಹುಟ್ಟಿದ ಕೆಲವೇ ವಾರಕ್ಕೆ ಊದುವ ಇಲಿಗಳು. ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು, ಎರಡೂ ಕೆಟ್ಟ ಬೀಜ ಸೇರಿದರೆ ಮಾತ್ರ ಹೀಗಾಗುತ್ತದೆ. "ಮನುಷ್ಯರಲ್ಲೂ ಅದೇನಾ ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಆದ್ರೆ ಇಬ್ರೂ ಒಂದೇ ಮನೆತನದವರಾದ್ರೆ ಒಂದೇ ಕೆಟ್ಟ ಬೀಜ ಇಬ್ರ ಹತ್ರಾನೂ ಇರೋ ಸಾಧ್ಯತೆ ಜಾಸ್ತಿ ನೋಡಿ" ಅಂದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನೀನೇ ಅನ್ನುತ್ತಿದ್ದೆ. ಹಾಗಾದರೆ ನಮ್ಮವ್ವ ನಿಜವಾಗಿಯೂ ಬಂದಿದ್ದಳು. ಅವಳಿಂದ ನಿನಗೆ, ನಿನ್ನಿಂದ ಗೌರಿಗೆ, ಅವ್ವನಿಂದಲೇ ನನಗೆ, ಇಬ್ಬರಿಂದ ಮಗುವಿಗೆ. ಹೊಲ ಹೊರಗೆ ಹೋಗಬಾರದು ಎಂದು ನೀನು ಹಾಕಿದ ಬೇಲಿಯ ಒಳಗೇ ಬೆಳೆಯಿತು. ಮುಂದಿನ ಮಗುವಿಗೂ ಬರಬಹುದಾ ಎಂದು ಕೇಳಿದ್ದಕ್ಕೆ, ಇಲಿಗಳ ಲೆಕ್ಕದಲ್ಲಿ ನಾಲ್ಕರಲ್ಲಿ ಒಂದಕ್ಕೆ ಎಂದರು.

ಔಷಧಿ ಇಲ್ಲ ಅಂದರು. ಊಟ ಅಳತೆಯಲ್ಲಿ ಕೊಡಿ, ಬೀಗ ಹಾಕಿದರೂ ಹಾಕಿ, ಹೊಡೆಯಬೇಡಿ ಅಂದರು. ಬಾಗಿಲ ತನಕ ಬಂದು ಕೊನೆಯ ಮಾತು ಹೇಳಿದರು: "ಇಂಥ ಮಕ್ಕಳಿಗೆ ಜ್ವರ ಬಂದ್ರೆ ತಡ್ಕೊಳ್ಳೋ ಶಕ್ತಿ ಇರಲ್ಲ. ಊಟ ಬೇಡ ಅಂದ ದಿನ ಒಂದು ಗಂಟೇನೂ ತಡ ಮಾಡ್ಬೇಡಿ, ಕರ್ಕೊಂಡ್ ಬನ್ನಿ." ಹೂಂ ಎಂದು ತಲೆಯಾಡಿಸಿ ಬಂದೆ. ಮನೆಗೆ ಬಂದು ಗೌರಿಗೆ ಹೇಳಿದ್ದು, "ಕೆಮ್ಮಿಗೆ ಔಷಧಿ ಕೊಟ್ರು" ಅಂತ.

ಯಾಕೆ ಹೇಳಲಿಲ್ಲ? ಹೇಳಬೇಕಾದರೆ ಎಲ್ಲ ಹೇಳಬೇಕು. ನಮ್ಮ ಮದುವೆಯೇ ಈ ಕಾಯಿಲೆ ಎನ್ನಬೇಕು. ಸತ್ತು ಮೂರು ತಿಂಗಳಾದ ತಾಯಿಯನ್ನು ಅವಳ ಮುಂದೆ ಕಟಕಟೆಗೆ ಎಳೆಯಬೇಕು. ಇನ್ನೊಂದು ಮಗು ಬೇಡ ಎನ್ನಬೇಕು, ಅವಳಾದರೋ ಗಂಡುಮಗುವಿಗೆ ಹರಕೆ ಹೊತ್ತವಳು. ನಾಳೆ ಹೇಳೋಣ, ಹಬ್ಬ ಕಳೆಯಲಿ, ರಾಗಿ ಕುಯ್ಲಾಗಲಿ. ನಿಜ ಹೇಳುತ್ತೇನೆ, ಇದೆಲ್ಲ ನೆಪ. ಹೇಳಿದರೆ ಅವಳು ನನ್ನನ್ನು ಗಂಡ ಎಂದು ನೋಡುವುದನ್ನು ಬಿಟ್ಟು ಬರೀ ಮಾವ ಎಂದು ನೋಡುತ್ತಾಳೆ ಎಂಬ ಹೆದರಿಕೆ. ನಿನ್ನ ಸಾಕುಮಗ ನಾನು, ಹೇಡಿತನ ಬೇರೆ ಯಾರಿಂದ ಬರಬೇಕು?

ಗೌರಿ ತನ್ನ ದಾರಿ ತಾನು ನೋಡಿಕೊಂಡಳು. ಊರ ಮಾರಮ್ಮನಿಗೆ ಹೇಳಿಕೊಂಡಳು, ಮಗಳ ಹಸಿವು ಇಳಿಸಿದರೆ ಮನೆಮನೆಗೂ ತಂಬಿಟ್ಟು ಹಂಚುತ್ತೇನೆ ಎಂದು. ಪೂಜಾರಿ ಅರಿಶಿನದ ದಾರ ಕಟ್ಟಿದ. ಅದಾದ ಮೂರನೆಯ ದಿನ ಮಗು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟಳು. ಹುಟ್ಟಿದಾಗಿನಿಂದ ಈ ಮನೆಯಲ್ಲಿ ಅವಳು ಬಿಟ್ಟ ಮೊದಲ ಎಂಜಲು ಅದು. ಗೌರಿ ತಟ್ಟೆ ಹಿಡಿದುಕೊಂಡು ಬೀದಿಗೆ ಓಡಿದಳು, ಅಕ್ಕಪಕ್ಕದವರಿಗೆ ತೋರಿಸಿದಳು. ಸಂಜೆ ಏನೂ ಬೇಡ ಅಂದಳು ಮಗು. ಗೌರಿ ಅವಳನ್ನು ತಬ್ಬಿಕೊಂಡು ಮುದ್ದಾಡಿದಳು. ಐದು ವರ್ಷದಲ್ಲಿ ಅವಳು ಮಗಳನ್ನು ಹಾಗೆ ಮುದ್ದಾಡಿದ್ದನ್ನು ನಾನು ನೋಡಿರಲಿಲ್ಲ. ಮಗುವೂ ನಗುತ್ತಿದ್ದಳು, ಅಮ್ಮ ಇಷ್ಟು ಖುಷಿಯಾಗುವುದಾದರೆ ಇನ್ನೂ ಬೇಡ ಅನ್ನುತ್ತೇನೆ ಎನ್ನುವ ಹಾಗೆ.

ನಾನು ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು. ಏದುಸಿರಂತೂ ನಮಗೆಲ್ಲ ಹಳೆಯದು, ನಿಂತರೂ ಕೂತರೂ ಏದುವ ಮಗು, ಅವತ್ತಿನದು ಬೇರೆ ಎಂದು ಗೌರಿಗೆ ಹೇಗೆ ಗೊತ್ತಾಗಬೇಕು? ನನಗೆ ಗೊತ್ತಾಗಬೇಕಿತ್ತು. ಡಾಕ್ಟರ ಮಾತು ಕಿವಿಯಲ್ಲೇ ಇತ್ತು. ಒಲೆಯ ಮುಂದೆ ಗೌರಿ ತಂಬಿಟ್ಟಿಗೆ ಅಕ್ಕಿ ಹುರಿಯುತ್ತಾ ಹಾಡುತ್ತಿದ್ದಳು. ಈಗ ಹೇಳಿದರೆ ಆ ಹಾಡು ನಿಲ್ಲುತ್ತದೆ ಅನ್ನಿಸಿತು. ಬೆಳಿಗ್ಗೆ ನೋಡೋಣ ಎಂದುಕೊಂಡೆ. ಬೆಳಿಗ್ಗೆ ಮೊದಲ ಪಾಳಿ, ಸೈಕಲ್ಲು ಹತ್ತಿ ಬಿನ್ನಿಪೇಟೆಗೆ ಹೋದೆ. ಸಂಜೆ ಬಂದಾಗ ಊರೆಲ್ಲ ತಂಬಿಟ್ಟು ತಿನ್ನುತ್ತಿತ್ತು. ಹರಿವಾಣ ಮಗುವಿನ ಪಕ್ಕದಲ್ಲೇ ಇತ್ತು, ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೆಂಗಸರು ಬಂದು ಬಂದು ಆ ಅದ್ಭುತ ನೋಡಿ ಕೆನ್ನೆ ತಟ್ಟಿಕೊಂಡು ಹೋದರು. ನನಗೂ ಒಂದು ಉಂಡೆ ಕೊಟ್ಟರು. ತಿಂದೆ.

ಮೂರನೆಯ ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಎತ್ತಿನ ಗಾಡಿ ಕಟ್ಟಿಕೊಂಡು ಹೊರಟೆ, ಅವಳನ್ನು ಹೊತ್ತು ಗಾಡಿಗೆ ಹತ್ತಿಸಲು ಮೂವರು ಬೇಕಾಯಿತು. ರಾಜಾಜಿನಗರಕ್ಕೆಂದು ಕಲ್ಲು ನೆಟ್ಟ ಬಯಲು ದಾಟುವಾಗ ಒಂದು ಚೂರು ಬೆಲ್ಲ ತುಟಿಗೆ ಹಿಡಿದೆ. "ತಿನ್ನವ್ವಾ, ಅಪ್ಪ ಕೊಡ್ತಾ ಇದೀನಿ, ಯಾರೂ ಹೊಡ್ಯಲ್ಲ ತಿನ್ನು" ಎಂದು ಬೇಡಿಕೊಂಡೆ. ಮುಖ ಆಚೆ ತಿರುಗಿಸಿದಳು. ಟೋಲ್‌ಗೇಟಿನ ಹತ್ತಿರ ಉಸಿರು ನಿಂತಿತು. ಗಾಡಿ ತಿರುಗಿಸಿಕೊಂಡು ಬಂದೆ. ನಿನ್ನ ಪಕ್ಕದಲ್ಲೇ ಹೂತಿದ್ದೇವೆ, ಗುಂಡಿ ದೊಡ್ಡವರ ಗುಂಡಿಯಷ್ಟೇ ಅಗೆಯಬೇಕಾಯಿತು. ಇದಾಗಿ ಒಂದು ತಿಂಗಳಾಯಿತು ಅಕ್ಕಾ. ನಿನಗೆ ಅವಳು ಇಷ್ಟರಲ್ಲೇ ಸಿಕ್ಕಿರಬಹುದು.

ಇವತ್ತು ಬೆಳಿಗ್ಗೆ ಗೌರಿ ಮತ್ತೆ ಅಕ್ಕಿ ತೊಳೆಯುತ್ತಿದ್ದಳು. ಯಾಕೆ ಎಂದೆ. "ಮಾರಮ್ಮಂಗೆ ಇನ್ನೊಂದ್ ಸರ್ತಿ ತಂಬಿಟ್ಟು ಮಾಡ್ತೀನಿ ಮಾವ. ಮಗು ಹೋದ್ರೂ ಆ ತಾಯಿ ಎರಡ್ ದಿನ ಆದ್ರೂ ಅದ್ರ ಹಸ್ವು ನಿಲ್ಸಿದ್ಲು. ನಂ ಮಗು ಹೊಟ್ಟೆ ತುಂಬ್ಕೊಂಡು ಹೋಯ್ತು." ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅದನ್ನು ಅವಳ ಹತ್ತಿರವೇ ಬಿಡಬಹುದಿತ್ತು. ನನಗೆ ತಡೆಯಲಾಗಲಿಲ್ಲ, ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಡಾಕ್ಟರು, ಹುಣಸೆಬೀಜ, ಇಲಿಗಳು, ನಮ್ಮವ್ವ, ನೀನು, ಜ್ವರದ ಮಾತು.

ಕೈ ನೀರಲ್ಲೇ ಇಟ್ಟುಕೊಂಡು ಕೇಳಿದಳು. ಅಳಲಿಲ್ಲ. "ಆ ಎರಡ್ ದಿನ ನಿಂಗ್ ಗೊತ್ತಿತ್ತಾ ಮಾವ?" ಎಂದಳು.

"ಗೊತ್ತಿತ್ತು."

"ನಾನು ತಂಬಿಟ್ಟು ಹಂಚ್ಬೇಕಾದ್ರೂ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವಾ."

ನೆನೆದ ಅಕ್ಕಿಯನ್ನು ಹಿಡಿ ಹಿಡಿಯಾಗಿ ತೆಗೆದು ಕೋಳಿಗಳಿಗೆ ಎರಚಿದಳು, ಪಾತ್ರೆ ಖಾಲಿಯಾಗುವ ತನಕ. ಆಮೇಲೆ ಕೇಳಿದಳು: "ನಾಕ್ರಲ್ಲಿ ಒಂದು ಅಂದ್ರಾ ಡಾಕ್ಟ್ರು?"

ಹೂಂ ಅಂದೆ.

"ನಂಗೆ ನಾಕ್ ತಿಂಗ್ಳು" ಅಂದಳು. "ಕಣ್ಣು ಬೀಳ್ತದೆ ಅಂತ ಐದ್ ತುಂಬೋವರ್ಗೂ ನಿಂಗೂ ಹೇಳ್ಬಾರ್ದು ಅಂತಿದ್ದೆ. ನಾನೂ ಮುಚ್ಚಿಟ್ಟೆ, ನೀನೂ ಮುಚ್ಚಿಟ್ಟೆ." ಸೆರಗಿನಲ್ಲಿ ಕೈ ಒರೆಸಿಕೊಂಡು, ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ದನಿಯಲ್ಲೇ ಕೇಳಿದಳು: "ಇದೂ ಹಸ್ಕೊಂಡೇ ಹುಟ್ಟಿದ್ರೆ ಹೊಡ್ಯೋರ್ ಯಾರು ಮಾವ? ನಾನಾ, ನೀನಾ?"

ಅಷ್ಟು ಕೇಳಿ ಒಳಗೆ ಹೋದವಳು ಆಮೇಲೆ ಬಾಯಿ ಬಿಟ್ಟಿಲ್ಲ. ನಾನು ಈ ಕಾಗದ ತೆಗೆದುಕೊಂಡು ಜಗಲಿಗೆ ಬಂದೆ.

ರಂಗ